ವಾರಕ್ಕೆ ಎರಡು ಪೀರಿಯಡ್‌ನಲ್ಲಿ ಒಳ್ಳೆಯ ನಡತೆ ಕಲಿಸಬಹುದಾ?

ಶಾಲೆ ಬಿಡುವಾಗ ಕೊಡುವ ಟಿಸಿಯಲ್ಲಿ ‘ನಡತೆ’ ಎಂಬ ಕಾಲಂ ಇರುತ್ತದೆ. ಅದರ ಮುಂದೆ ಹೆಚ್ಚಾಗಿ ‘ಉತ್ತಮ’ ಅಥವಾ ‘ತೃಪ್ತಿಕರ’ ಎಂದು ಬರೆದಿರುತ್ತಾರೆ. ಮಗುವಿಗೆ ಮುಂದಿನ ಶಾಲೆಯಲ್ಲಿ ತೊಂದರೆ ಆಗಬಾರದು ಅಲ್ವಾ, ಅದಕ್ಕೆ. ಹತ್ತು ವರ್ಷ ಶಾಲೆಯಲ್ಲಿ ಕಳೆದ ಮಗುವಿನ ನಡತೆ ಬಗ್ಗೆ ನಮ್ಮ ವ್ಯವಸ್ಥೆ ಬರೆದಿಡುವುದು ಈ ಒಂದು ಪದವನ್ನೇ.

ಈಗ ಆ ಒಂದು ಪದದ ಜಾಗಕ್ಕೆ ವಾರಕ್ಕೆ ಎರಡು ತರಗತಿ ಬರಬೇಕು ಎಂಬ ಮಾತು ಬಂದಿದೆ. ನೈತಿಕ ಶಿಕ್ಷಣ ಕಡ್ಡಾಯವಾಗಲಿದೆ, ವಾರಕ್ಕೆ ಎರಡು ತರಗತಿ ಇರಲಿದೆ ಎಂದು ಶಾಲಾ ಶಿಕ್ಷಣ ಸಚಿವ ಮಧು ಬಂಗಾರಪ್ಪ 2025ರಲ್ಲಿ ಹೇಳಿದ್ದರು. ಅಂದಿನಿಂದ ಮೈಸೂರು, ಮಂಡ್ಯದ ಪೋಷಕರ ಸಭೆಗಳಲ್ಲಿ ಬರುವ ಪ್ರಶ್ನೆಗಳು ಸಹಜವಾದವೇ. ಇದು ಹೊಸ ವಿಷಯವಾ? ಪುಸ್ತಕ ಇರುತ್ತಾ? ಅಂಕ ಕೊಡ್ತಾರಾ? ದೇವರ ಪಾಠವಾ, ಸಂವಿಧಾನದ ಪಾಠವಾ? ಗೊಂದಲಕ್ಕೆ ಕಾರಣವಿದೆ. ‘ನೈತಿಕ ಶಿಕ್ಷಣ’ ಎಂಬ ಒಂದೇ ಹೆಸರಿನಲ್ಲಿ ಕೆಲವೇ ವರ್ಷಗಳಲ್ಲಿ ನಾವು ಬೇರೆ ಬೇರೆ ಸಂಗತಿಗಳನ್ನು ಕೇಳಿದ್ದೇವೆ.

ಒಂದೇ ಹೆಸರು, ಹಲವು ಅರ್ಥ

2022ರಲ್ಲಿ ಗುಜರಾತ್ ಸರ್ಕಾರ ಶಾಲೆಗಳಲ್ಲಿ ಭಗವದ್ಗೀತೆ ಕಲಿಸುವುದಾಗಿ ಹೇಳಿತು. ಕರ್ನಾಟಕದಲ್ಲೂ ಅದೇ ಚರ್ಚೆ ಶುರುವಾಯಿತು. 2023ರ ಜನವರಿಯಲ್ಲಿ ಆಗಿನ ಶಿಕ್ಷಣ ಸಚಿವ ಬಿ.ಸಿ. ನಾಗೇಶ್ ಮಠಾಧೀಶರನ್ನೂ ಬೇರೆ ಬೇರೆ ಧರ್ಮಗಳ ಮುಖಂಡರನ್ನೂ ಕರೆಸಿ ನೈತಿಕ ಶಿಕ್ಷಣದ ಬಗ್ಗೆ ಸಭೆ ನಡೆಸಿದರು. ಅದೇ ವರ್ಷ ಮೇನಲ್ಲಿ ಸರ್ಕಾರ ಬದಲಾಯಿತು. ಜೂನ್‌ನಲ್ಲಿ ಹೊಸ ಸರ್ಕಾರ ಶಾಲಾ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆ ಓದುವುದನ್ನು ಕಡ್ಡಾಯ ಮಾಡಿತು. ಆಮೇಲೆ ಮೊಬೈಲ್ ಗೀಳು, ಮಾದಕ ವಸ್ತು, ಹದಿಹರೆಯದ ಸಮಸ್ಯೆಗಳ ಮಾತು ಬಂತು. ಅದಕ್ಕೂ ನೈತಿಕ ಶಿಕ್ಷಣವೇ ಮದ್ದು ಎಂದರು.

ಹೀಗೆ ಒಂದು ಗುಂಪಿಗೆ ನೈತಿಕತೆ ಎಂದರೆ ಧರ್ಮದಿಂದ ಬರುವ ಸಂಸ್ಕಾರ. ಇನ್ನೊಂದು ಗುಂಪಿಗೆ ಸಂವಿಧಾನ ಹೇಳುವ ಸಮಾನತೆ, ಸಹೋದರತೆ. ಹೆಚ್ಚಿನ ಪೋಷಕರಿಗೆ ಮಗು ಮಾತು ಕೇಳಬೇಕು, ಕೆಟ್ಟ ಚಟಕ್ಕೆ ಬೀಳಬಾರದು, ಅಷ್ಟೇ. ಮತ್ತೆ ಕೆಲವು ಶಿಕ್ಷಕರು ಇದಕ್ಕೆ ಬೇರೆ ವಿಷಯವೇ ಬೇಡ, ಎಲ್ಲ ಪಾಠಗಳಲ್ಲೂ ಇದು ಬರುತ್ತದೆ ಎನ್ನುತ್ತಾರೆ.

ಈ ನಾಲ್ಕೂ ಕಡೆಯವರನ್ನು ಕೂರಿಸಿ ‘ಯಾವ ಗುಣ ಕಲಿಸಬೇಕು’ ಎಂದು ಕೇಳಿದರೆ ಪಟ್ಟಿ ಹೆಚ್ಚು ಕಡಿಮೆ ಒಂದೇ ಇರುತ್ತದೆ. ಸುಳ್ಳು ಹೇಳಬಾರದು, ಮೋಸ ಮಾಡಬಾರದು, ದೊಡ್ಡವರಿಗೆ ಗೌರವ ಕೊಡಬೇಕು, ಬಿದ್ದವರನ್ನು ಕೈಹಿಡಿದು ಎತ್ತಬೇಕು. ಜಗಳವೆಲ್ಲ ಆ ಪಟ್ಟಿಯ ಮೇಲೆ ಯಾರ ಹೆಸರು ಬರೆಯಬೇಕು ಎಂಬುದರ ಮೇಲೆ. ಅದು ಮಗುವಿಗೆ ಹೇಗೆ ಮೈಗೂಡುತ್ತದೆ ಎಂಬ ಚರ್ಚೆ ಮಾತ್ರ ಹಿಂದೆ ಉಳಿದುಬಿಟ್ಟಿದೆ.

ಎರಡು ಪೀರಿಯಡ್‌ನ ಮಾತು ಹಳೆಯದು

ವಾರಕ್ಕೆ ಒಂದೆರಡು ಪೀರಿಯಡ್ ನೈತಿಕ ಮೌಲ್ಯಗಳಿಗೆ ಇಡಬೇಕು ಎಂದು ಕೊಠಾರಿ ಆಯೋಗ 1964–66ರಲ್ಲೇ ಹೇಳಿತ್ತು. ಅದಕ್ಕೂ ಮೊದಲು, 1959ರಲ್ಲಿ, ಇದೇ ವಿಷಯಕ್ಕೆ ಶ್ರೀಪ್ರಕಾಶ ಸಮಿತಿ ರಚನೆಯಾಗಿತ್ತು. 1999ರಲ್ಲಿ ಎಸ್.ಬಿ. ಚವಾಣ್ ನೇತೃತ್ವದ ಸಂಸದೀಯ ಸಮಿತಿ ಸತ್ಯ, ಧರ್ಮ, ಶಾಂತಿ, ಪ್ರೇಮ, ಅಹಿಂಸೆ ಎಂಬ ಐದು ಮೌಲ್ಯಗಳನ್ನು ಪಟ್ಟಿ ಮಾಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ನೈತಿಕ ಮೌಲ್ಯ ಕಲಿಸುವ ಮಾತಿದೆ.

ಮೈಸೂರಿಗಂತೂ ಇದು ಮನೆಯ ವಿಷಯ. ಯಾದವಗಿರಿಯಲ್ಲಿ ರಾಮಕೃಷ್ಣ ಆಶ್ರಮದ ನೈತಿಕ ಮತ್ತು ಆಧ್ಯಾತ್ಮಿಕ ಶಿಕ್ಷಣ ಸಂಸ್ಥೆ ಇದೇ ಉದ್ದೇಶಕ್ಕೆ ಹುಟ್ಟಿ ಶಿಕ್ಷಕರನ್ನು ತಯಾರು ಮಾಡುತ್ತಿದೆ. ಮಾನಸಗಂಗೋತ್ರಿಯ ಪಕ್ಕದಲ್ಲಿ 1963ರಿಂದ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ. ವಸಂತಮಹಲ್‌ನಲ್ಲಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಇದೆ. ಶಿಕ್ಷಕರಿಗೆ ಪಾಠ ಮಾಡುವವರು ಇಷ್ಟು ಜನ ಇರುವ ಊರು ರಾಜ್ಯದಲ್ಲಿ ಕಡಿಮೆ. ಅಂದರೆ ಅರವತ್ತು ವರ್ಷಗಳಿಂದ ಶಿಫಾರಸು ಇದೆ, ಸಂಸ್ಥೆಗಳೂ ಇವೆ. ಹಾಗಿದ್ದೂ ಮತ್ತೆ ಮತ್ತೆ ಹೊಸದಾಗಿ ಘೋಷಣೆ ಮಾಡಬೇಕಾಗುತ್ತಿದೆ. ಹಿಂದಿನ ಘೋಷಣೆಗಳು ಶಾಲೆಯ ದಿನಚರಿಯ ಒಳಗೆ ಇಳಿಯಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕಾನೂನು ಎಲ್ಲಿ ಗೆರೆ ಎಳೆದಿದೆ

ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಮಾಡುವಂತಿಲ್ಲ. ಇದು ಸಂವಿಧಾನದ 28ನೇ ವಿಧಿ. ಅನುದಾನಿತ ಮತ್ತು ಮಾನ್ಯತೆ ಪಡೆದ ಖಾಸಗಿ ಶಾಲೆಗಳಲ್ಲಿ ಅದನ್ನು ಮಾಡಬಹುದು. ಆದರೆ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಕೂರಿಸುವಂತಿಲ್ಲ. ಮೈಸೂರಿನಲ್ಲಿ ಮಠ, ಚರ್ಚ್, ಟ್ರಸ್ಟ್‌ಗಳು ನಡೆಸುವ ಶಾಲೆಗಳು ಸಾಕಷ್ಟಿವೆ. ಅಲ್ಲಿನ ಪೋಷಕರು ಈ ವ್ಯತ್ಯಾಸ ತಿಳಿದಿರಬೇಕು.

ಹಾಗಾದರೆ ಸರ್ಕಾರಿ ಶಾಲೆಯಲ್ಲಿ ಧರ್ಮಗಳ ಹೆಸರೇ ಎತ್ತಬಾರದಾ? ಹಾಗೇನಿಲ್ಲ. ಶಾಲಾ ಪಠ್ಯಕ್ರಮದ ಬಗ್ಗೆ ನಡೆದ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಇದನ್ನು ಸ್ಪಷ್ಟಪಡಿಸಿತು. ಎಲ್ಲ ಧರ್ಮಗಳ ಬಗ್ಗೆ ತಿಳಿಸುವುದು ಬೇರೆ, ಒಂದು ಧರ್ಮವನ್ನು ಬೋಧಿಸುವುದು ಬೇರೆ. ಮೊದಲನೆಯದಕ್ಕೆ ಅಡ್ಡಿಯಿಲ್ಲ. ಹಾಗಾಗಿ ಹೊಸ ತರಗತಿ ಕೋರ್ಟ್ ಮೆಟ್ಟಿಲು ಏರುತ್ತದಾ ಎಂಬುದು ಅದಕ್ಕೆ ಏನು ಹೆಸರಿಟ್ಟಿದ್ದಾರೆ ಎಂಬುದರಿಂದ ತೀರ್ಮಾನ ಆಗುವುದಿಲ್ಲ. ಒಳಗೆ ಏನು ಹೇಳಿಕೊಡುತ್ತಾರೆ ಎಂಬುದರಿಂದ ಆಗುತ್ತದೆ.

ಪಾಠ ಕೇಳಿದರೆ ನಡತೆ ಬದಲಾಗುತ್ತಾ?

ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಇದಕ್ಕೆ ಹಳೆಯ ಉತ್ತರವೊಂದಿದೆ. 1920ರ ದಶಕದಲ್ಲಿ ಹಾರ್ಟ್‌ಶಾರ್ನ್ ಮತ್ತು ಮೇ ಎಂಬ ಇಬ್ಬರು ಸಂಶೋಧಕರು ಅಮೆರಿಕದ ಸುಮಾರು 11 ಸಾವಿರ ಮಕ್ಕಳ ಮೇಲೆ ಅಧ್ಯಯನ ನಡೆಸಿದರು. ಪರೀಕ್ಷೆಯಲ್ಲಿ, ಆಟದಲ್ಲಿ, ಹಣದ ವಿಷಯದಲ್ಲಿ ಮೋಸ ಮಾಡಲು ಅವಕಾಶ ಇರುವ ಸನ್ನಿವೇಶಗಳನ್ನು ಮಕ್ಕಳ ಮುಂದಿಟ್ಟು, ಯಾರು ಏನು ಮಾಡುತ್ತಾರೆ ಎಂದು ನೋಡಿದರು.

‘ಪ್ರಾಮಾಣಿಕ ಮಕ್ಕಳು’ ಮತ್ತು ‘ಮೋಸದ ಮಕ್ಕಳು’ ಎಂಬ ಎರಡು ಗುಂಪು ಅವರಿಗೆ ಸಿಗಲಿಲ್ಲ. ಪರೀಕ್ಷೆಯಲ್ಲಿ ನಕಲು ಮಾಡಿದ ಮಗು ಆಟದಲ್ಲಿ ನ್ಯಾಯವಾಗಿ ಆಡುತ್ತಿತ್ತು. ಹಣ ಮುಟ್ಟದ ಮಗು ಹೋಂವರ್ಕ್‌ನಲ್ಲಿ ಮೋಸ ಮಾಡುತ್ತಿತ್ತು. ಚರ್ಚ್‌ನ ಭಾನುವಾರದ ಪಾಠಕ್ಕೆ ಹೋಗುವುದಕ್ಕೂ ಪ್ರಾಮಾಣಿಕತೆಗೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ಕಂಡಿದ್ದು ಬೇರೆ. ಜೊತೆಯ ಮಕ್ಕಳು ಹೇಗಿದ್ದಾರೆ, ಆ ತರಗತಿಯಲ್ಲಿ ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬುದು ಜಾಸ್ತಿ ಕೆಲಸ ಮಾಡುತ್ತಿತ್ತು.

2010ರಲ್ಲಿ ಅಮೆರಿಕದಲ್ಲೇ ಇನ್ನೊಂದು ದೊಡ್ಡ ವರದಿ ಬಂತು. ನಡತೆ ತಿದ್ದುವ ಏಳು ಕಾರ್ಯಕ್ರಮಗಳನ್ನು 84 ಪ್ರಾಥಮಿಕ ಶಾಲೆಗಳಲ್ಲಿ ಪರೀಕ್ಷಿಸಿದ್ದರು. ಸರಾಸರಿ ಲೆಕ್ಕದಲ್ಲಿ ಮಕ್ಕಳ ನಡತೆಯಲ್ಲಿ ಸುಧಾರಣೆ ಕಾಣಲಿಲ್ಲ.

ಇದರಿಂದ ಗುಣ ಕಲಿಸುವುದೇ ಅಸಾಧ್ಯ ಎಂದುಕೊಳ್ಳಬಾರದು. ಮಗು ಕಲಿಯುತ್ತದೆ, ಖಂಡಿತ ಕಲಿಯುತ್ತದೆ. ಆದರೆ ಹೇಳಿದ ಮಾತಿನಿಂದ ಕಲಿಯುವುದಕ್ಕಿಂತ ಆ ಜಾಗದಲ್ಲಿ ನಿಜವಾಗಿ ಏನು ನಡೆಯುತ್ತದೆ ಎಂಬುದರಿಂದ ಹೆಚ್ಚು ಕಲಿಯುತ್ತದೆ. ಇದಕ್ಕೆ ಉದಾಹರಣೆ ಹುಡುಕಿಕೊಂಡು ಅಮೆರಿಕಕ್ಕೆ ಹೋಗಬೇಕಿಲ್ಲ.

ಎಸ್‌ಎಸ್‌ಎಲ್‌ಸಿ ಹಾಲ್‌ನಲ್ಲಿ ಸಿಗುವ ಪಾಠ

2023ರಲ್ಲಿ ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇ 83.89. 2024ರಲ್ಲಿ ಶೇ 73.40. ನಡುವೆ ಆದ ದೊಡ್ಡ ಬದಲಾವಣೆ ಎಂದರೆ ಪರೀಕ್ಷಾ ಕೊಠಡಿಗಳಿಗೆ ಸಿಸಿಟಿವಿ ಬಂದು ವೆಬ್‌ಕಾಸ್ಟಿಂಗ್ ಶುರುವಾಗಿದ್ದು. 2024ರ ಅಂಕಿ ಕೂಡ ಕೃಪಾಂಕದ ಮಿತಿಯನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ ಬಂದದ್ದು. 2025ರಲ್ಲಿ ಆ ಹೆಚ್ಚುವರಿ ಕೃಪಾಂಕ ಇರಲಿಲ್ಲ. ಫಲಿತಾಂಶ ಇನ್ನೂ ಇಳಿಯಿತು.

ಈ ಇಳಿಕೆಗೆಲ್ಲ ನಕಲೇ ಕಾರಣ ಅನ್ನಲಾಗದು. ಕೋವಿಡ್ ವರ್ಷಗಳಲ್ಲಿ ಕಲಿಕೆ ಬಿಟ್ಟುಹೋದ ಮಕ್ಕಳೇ ಈ ಬ್ಯಾಚ್‌ಗಳಲ್ಲಿ ಇದ್ದರು. ಕ್ಯಾಮೆರಾ ಭಯಕ್ಕೆ ಗೊತ್ತಿದ್ದದ್ದನ್ನೂ ಮರೆತ ಮಕ್ಕಳು ಇರಬಹುದು. ಆದರೂ ಕ್ಯಾಮೆರಾ ಇಲ್ಲದಾಗ ಎಷ್ಟೋ ಕೊಠಡಿಗಳಲ್ಲಿ ಏನು ನಡೆಯುತ್ತಿತ್ತು ಎಂಬುದು ಗುಟ್ಟೇನಲ್ಲ.

ಅದು ಯಾಕೆ ನಡೆಯುತ್ತಿತ್ತು ಎಂಬುದನ್ನು ನಿಧಾನವಾಗಿ ನೋಡಬೇಕು. ಫಲಿತಾಂಶ ಬಂದ ದಿನ ಜಿಲ್ಲೆಗೆ ಎಷ್ಟನೇ ಸ್ಥಾನ ಎಂಬುದು ಸುದ್ದಿಯಾಗುತ್ತದೆ. ಸ್ಥಾನ ಇಳಿದರೆ ಜಿಲ್ಲೆಯ ಶಿಕ್ಷಣ ಇಲಾಖೆಯ ಉಪನಿರ್ದೇಶಕರು (ಡಿಡಿಪಿಐ) ಉತ್ತರ ಹೇಳಬೇಕು. ಡಿಡಿಪಿಐ ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನು (ಬಿಇಒ) ಕೇಳುತ್ತಾರೆ. ಬಿಇಒ ಮುಖ್ಯ ಶಿಕ್ಷಕರಿಗೆ ನೋಟಿಸ್ ಕೊಡುತ್ತಾರೆ. ಮುಖ್ಯ ಶಿಕ್ಷಕರು ವಿಷಯ ಶಿಕ್ಷಕರ ಮೇಲೆ ಒತ್ತಡ ಹಾಕುತ್ತಾರೆ. ಕೊನೆಗೆ ಈ ಎಲ್ಲ ಭಾರ ಬಂದು ಬೀಳುವುದು ಪರೀಕ್ಷಾ ಕೊಠಡಿಯಲ್ಲಿ. ಅಲ್ಲಿ ಮೇಲ್ವಿಚಾರಕರು ಸ್ವಲ್ಪ ಹೊತ್ತು ಕಿಟಕಿಯ ಕಡೆ ತಿರುಗಿ ನಿಂತರೆ ಸಾಕು. ಯಾರೂ ಕೆಟ್ಟವರಲ್ಲ. ಮಕ್ಕಳು ಫೇಲ್ ಆಗಬಾರದು ಎಂಬ ಕನಿಕರವೂ ಅದರಲ್ಲಿ ಇರುತ್ತದೆ.

ಆದರೆ ಆ ಬೆಂಚಿನಲ್ಲಿ ಕೂತ ಹದಿನೈದು ವರ್ಷದ ಮಗು ಅದನ್ನೆಲ್ಲ ನೋಡುತ್ತಿದೆ. ಹತ್ತು ವರ್ಷ ‘ಸತ್ಯ ಹೇಳು’ ಎಂದು ಹೇಳಿಕೊಟ್ಟ ಶಾಲೆ, ಸತ್ಯಕ್ಕೆ ಬೆಲೆ ತೆರಬೇಕಾದ ಮೊದಲ ದೊಡ್ಡ ದಿನ ಮುಖ ತಿರುಗಿಸಿ ನಿಂತಿದೆ. ನಕಲು ಮಾಡದೆ ಕೂತ ಮಗುವಿಗೂ ಅಲ್ಲಿ ಒಂದು ಪಾಠ ಸಿಗುತ್ತದೆ. ತಾನು ದಡ್ಡತನ ಮಾಡಿದೆನಾ ಎಂಬ ಅನುಮಾನ ಅದಕ್ಕೆ ಹುಟ್ಟುತ್ತದೆ. ನನಗೆ ಇದು ನಕಲಿಗಿಂತ ದೊಡ್ಡ ನಷ್ಟ ಅನಿಸುತ್ತದೆ.

ಕ್ಯಾಮೆರಾ ನಕಲನ್ನು ತಡೆಯಿತು, ಅದು ಬೇಕಿತ್ತು. ಆದರೆ ಕ್ಯಾಮೆರಾ ಇದ್ದಾಗ ಮಾತ್ರ ಸರಿ ಇರಬೇಕು ಎಂಬುದನ್ನು ಮಗು ಕಲಿತರೆ ಅದು ಗುಣ ಆಗುವುದಿಲ್ಲ. ಫಲಿತಾಂಶದ ಶೇಕಡಾವಾರು ಇಳಿದರೂ ಪರವಾಗಿಲ್ಲ, ನಿಜ ತಿಳಿಯಲಿ ಎಂದು ಇಲಾಖೆ ತನ್ನ ಮುಖ್ಯ ಶಿಕ್ಷಕರ ಬೆನ್ನಿಗೆ ನಿಲ್ಲುವವರೆಗೆ, ಎರಡು ಪೀರಿಯಡ್‌ನಲ್ಲಿ ಹೇಳಿಕೊಟ್ಟದ್ದನ್ನು ಮೂರು ಗಂಟೆಯ ಪರೀಕ್ಷೆ ಅಳಿಸಿಹಾಕುತ್ತಲೇ ಇರುತ್ತದೆ.

ತಿದ್ದಬೇಕಾದವರು ಮಕ್ಕಳು ಮಾತ್ರವಾ?

‘ಈಗಿನ ಮಕ್ಕಳಿಗೆ ಸಂಸ್ಕಾರ ಇಲ್ಲ’ ಎಂಬ ಮಾತಿನ ಮೇಲೆ ಈ ಚರ್ಚೆಯ ಅರ್ಧ ಭಾಗ ನಿಂತಿದೆ. ಮಂಡ್ಯದ ಎರಡು ಸುದ್ದಿಗಳನ್ನು ನೆನಪು ಮಾಡಿಕೊಳ್ಳೋಣ.

2023ರ ಕೊನೆಯಲ್ಲಿ ಮಂಡ್ಯದ ಬಳಿಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ಬೆಲ್ಲ ಬೇಯಿಸುವ ಜಾಗಕ್ಕೆ ಗರ್ಭಿಣಿಯರನ್ನು ಕರೆದುಕೊಂಡು ಬರುತ್ತಿದ್ದವರು ಮಕ್ಕಳಲ್ಲ. ಅವರಲ್ಲಿ ಓದಿದವರೂ ಇದ್ದರು. ಹೆಣ್ಣು ಗಂಡು ಸಮಾನ ಎಂಬ ಪಾಠವನ್ನು ಅವರೂ ಓದಿರುತ್ತಾರೆ.

2025ರಲ್ಲಿ ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಮೊಟ್ಟೆ ವಿಚಾರಕ್ಕೆ ಜಗಳವಾಯಿತು. ಶಾಲೆಯ ಹತ್ತಿರ ದೇವಸ್ಥಾನ ಇದೆ, ಇಲ್ಲಿ ಮೊಟ್ಟೆ ಬೇಯಿಸಬೇಡಿ ಎಂದು ಒಂದಷ್ಟು ಪೋಷಕರು ಪಟ್ಟು ಹಿಡಿದರು. ಮೊಟ್ಟೆ ಬೇಕು ಎನ್ನುವ ಮಕ್ಕಳೂ ಅಲ್ಲಿದ್ದರು. ಕೊನೆಗೆ ಹಲವು ಪೋಷಕರು ಮಕ್ಕಳ ಟಿಸಿ ತೆಗೆಸಿಕೊಂಡು ಬೇರೆ ಶಾಲೆಗೆ ಸೇರಿಸಿದರು. ಪೋಷಕರ ನಂಬಿಕೆ ಅವರಿಗೆ ದೊಡ್ಡದು, ಅದನ್ನು ಹಗುರ ಮಾಡಬೇಕಿಲ್ಲ. ಆದರೆ ನನ್ನ ತಟ್ಟೆಯಲ್ಲಿ ಬಾಳೆಹಣ್ಣು, ಪಕ್ಕದವನ ತಟ್ಟೆಯಲ್ಲಿ ಮೊಟ್ಟೆ, ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಉಣ್ಣುವುದು ಒಂದು ದೊಡ್ಡ ನೈತಿಕ ಪಾಠ. ಯಾವ ಪುಸ್ತಕವೂ ಅದನ್ನು ಅಷ್ಟು ಚೆನ್ನಾಗಿ ಹೇಳಲಾರದು. ಆ ಪಾಠ ಅಲ್ಲಿ ಅರ್ಧಕ್ಕೇ ನಿಂತಿತು.

ಪೊರಕೆ ಯಾರ ಕೈಗೆ?

ನೈತಿಕ ಶಿಕ್ಷಣದ ಪರ ಮಾತಾಡುವವರು ಜಪಾನ್ ಹೆಸರು ಹೇಳುತ್ತಾರೆ. ಅಲ್ಲಿ ಮಕ್ಕಳೇ ತರಗತಿ ಗುಡಿಸುತ್ತಾರೆ, ಊಟ ಬಡಿಸುತ್ತಾರೆ. ಇಲ್ಲೂ ಹಾಗೇ ಮಾಡಿಸಿ ಎಂಬುದು ಅವರ ಸಲಹೆ. ಸಲಹೆ ಒಳ್ಳೆಯದೇ. ನಮ್ಮ ಸೇವಾದಳ, ಸ್ಕೌಟ್ಸ್ ಕೂಡ ಇದನ್ನೇ ಹೇಳಿದ್ದು.

ಆದರೆ ನಮ್ಮಲ್ಲಿ ಪೊರಕೆಗೆ ಜಾತಿ ಅಂಟಿಕೊಂಡಿದೆ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಶೌಚ ಗುಂಡಿಗೆ ಇಳಿಸಿದ ಪ್ರಕರಣ ರಾಜ್ಯವನ್ನೇ ನಡುಗಿಸಿತು. ಸಿಬ್ಬಂದಿ ಅಮಾನತಾದರು. ಮಕ್ಕಳಿಂದ ಶೌಚಾಲಯ ಸ್ವಚ್ಛ ಮಾಡಿಸಬಾರದು ಎಂದು ಸರ್ಕಾರ ಕಟ್ಟುನಿಟ್ಟಾಗಿ ಹೇಳಬೇಕಾಯಿತು. ಎಲ್ಲರ ಸರದಿ ಬಂದರೆ ಪೊರಕೆ ಹಿಡಿಯುವುದು ಶ್ರಮಕ್ಕೆ ಗೌರವ ಕಲಿಸುತ್ತದೆ. ಕೆಲವರ ಸರದಿ ಮಾತ್ರ ಬಂದರೆ ಅದು ಉಲ್ಟಾ ಪಾಠ ಕಲಿಸುತ್ತದೆ. ಸರದಿ ಪಟ್ಟಿಯನ್ನು ಗೋಡೆ ಮೇಲೆ ಅಂಟಿಸಿ, ಅದರಲ್ಲಿ ಶಿಕ್ಷಕರ ಹೆಸರೂ ಇರುವ ಶಾಲೆಗೆ ನೈತಿಕ ಶಿಕ್ಷಣದ ಪಠ್ಯಪುಸ್ತಕದ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

ಜಪಾನ್‌ನ ಇನ್ನೊಂದು ಸಂಗತಿ ಇಲ್ಲಿ ಯಾರೂ ಹೇಳುವುದಿಲ್ಲ. 2011ರಲ್ಲಿ ಓತ್ಸು ಎಂಬ ನಗರದಲ್ಲಿ ಸಹಪಾಠಿಗಳ ಕಿರುಕುಳ ತಾಳದೆ ಬಾಲಕನೊಬ್ಬ ಪ್ರಾಣ ಕಳೆದುಕೊಂಡ. ಅಲ್ಲಿಂದ ಎದ್ದ ಚರ್ಚೆಯ ಫಲವಾಗಿ ನೀತಿ ಶಿಕ್ಷಣ 2018ರಲ್ಲಿ ಪ್ರಾಥಮಿಕ ಶಾಲೆಗಳಲ್ಲಿ, 2019ರಲ್ಲಿ ಮುಂದಿನ ಹಂತದಲ್ಲಿ ಅಧಿಕೃತ ವಿಷಯವಾಯಿತು. ಅಂದರೆ ಗುಡಿಸುವ, ಬಡಿಸುವ ಅಭ್ಯಾಸ ಇದ್ದೂ ಅಲ್ಲಿ ಕಿರುಕುಳ ನಿಂತಿರಲಿಲ್ಲ. ಮತ್ತು ವಿಷಯ ಮಾಡಿದಾಗಲೂ ಅದಕ್ಕೆ ಅಂಕ ಇಡಲಿಲ್ಲ. ಶಿಕ್ಷಕರು ಮಗುವಿನ ಬಗ್ಗೆ ನಾಲ್ಕು ಮಾತು ಬರೆಯುತ್ತಾರೆ ಅಷ್ಟೆ.

ಕಬ್ಬಿನ ಗಾಡಿಯ ಪ್ರಶ್ನೆ

ಹಾಗಾದರೆ ಆ ಎರಡು ಪೀರಿಯಡ್ ವ್ಯರ್ಥವಾ? ವ್ಯರ್ಥವಲ್ಲ, ಅದನ್ನು ಹೇಗೆ ಬಳಸುತ್ತಾರೆ ಎಂಬುದರ ಮೇಲಿದೆ. ‘ಕದಿಯಬಾರದು’ ಎಂದು ಬೋರ್ಡ್ ಮೇಲೆ ಬರೆದರೆ ನಲವತ್ತು ಮಕ್ಕಳೂ ‘ಹೌದು ಸಾರ್’ ಎನ್ನುತ್ತಾರೆ. ಅಲ್ಲಿಗೆ ಪಾಠ ಮುಗಿಯಿತು. ಅದರ ಬದಲು ಮಂಡ್ಯದ ತರಗತಿಯಲ್ಲಿ ಹೀಗೆ ಕೇಳಬಹುದು: ಫ್ಯಾಕ್ಟರಿಗೆ ಹೋಗುವ ಟ್ರ್ಯಾಕ್ಟರ್‌ನಿಂದ ಕಬ್ಬು ಎಳೆದುಕೊಳ್ಳುವುದು ಕಳ್ಳತನವಾ?

ತಕ್ಷಣ ತರಗತಿ ಎರಡಾಗುತ್ತದೆ. ಒಂದು ಜಲ್ಲೆ ಎಳೆದರೆ ಏನಾಯ್ತು, ಎಲ್ಲರೂ ಎಳೀತಾರೆ ಎನ್ನುತ್ತಾನೆ ಒಬ್ಬ. ಫ್ಯಾಕ್ಟರಿಯಲ್ಲಿ ತೂಕದ ಮೇಲೆ ದುಡ್ಡು ಕೊಡೋದು, ಹತ್ತು ಜನ ಎಳೆದರೆ ರೈತನಿಗೆ ನಷ್ಟ ಎನ್ನುತ್ತಾಳೆ ಬೆಳೆಗಾರರ ಮನೆಯ ಹುಡುಗಿ. ಚಕ್ರದ ಕೆಳಗೆ ಬಿದ್ದರೆ ಡ್ರೈವರ್ ಗತಿ ಏನು ಎನ್ನುತ್ತಾನೆ ಇನ್ನೊಬ್ಬ. ಹಸಿದವನು ಎಳೆದರೆ? ನಮ್ಮಪ್ಪನ ಗಾಡಿಯಿಂದ ಎಳೆದರೆ? ಅರ್ಧ ಗಂಟೆಯಲ್ಲಿ ಮಕ್ಕಳು ತಾವು ಮಾಡುವ ಕೆಲಸವನ್ನು ಇನ್ನೊಬ್ಬರ ಜಾಗದಲ್ಲಿ ನಿಂತು ನೋಡಿರುತ್ತಾರೆ. ಗುಣ ಬೆಳೆಯಲು ಬೇಕಾದ ಮೊದಲ ಕಸರತ್ತು ಇದು.

ಇಂಥ ಪಾಠಕ್ಕೆ ಮುದ್ರಿತ ಪುಸ್ತಕ ಬೇಕಿಲ್ಲ. ತರಗತಿ ಗದ್ದಲವಾದರೆ ಹೆದರದ ಶಿಕ್ಷಕರು ಬೇಕು. ಅದಕ್ಕೆ ತರಬೇತಿ ಬೇಕು. ಮೈಸೂರಿನ ಡಯಟ್, ಪ್ರಾದೇಶಿಕ ಶಿಕ್ಷಣ ಸಂಸ್ಥೆಗಳು ನಿಜಕ್ಕೂ ಕೈಹಾಕಬಹುದಾದ ಕೆಲಸ ಇದು. ಜೊತೆಗೆ ಶಾಲಾ ಸಂಸತ್ತು, ಮಕ್ಕಳ ಗ್ರಾಮಸಭೆಗಳಿವೆ. ಶೌಚಾಲಯಕ್ಕೆ ನೀರಿಲ್ಲ ಎಂದು ಹುಡುಗಿಯೊಬ್ಬಳು ಗ್ರಾಮಸಭೆಯಲ್ಲಿ ಎದ್ದು ಹೇಳಿ, ಮುಂದಿನ ತಿಂಗಳು ನಲ್ಲಿ ಬಂದರೆ, ನಿಜ ಹೇಳಿದರೆ ಏನೋ ಆಗುತ್ತದೆ ಎಂದು ಇಡೀ ಶಾಲೆ ಕಲಿಯುತ್ತದೆ. ಏನೂ ಆಗದಿದ್ದರೆ ಅದನ್ನೂ ಕಲಿಯುತ್ತದೆ.

ಮುಂದೆ ಏನಾಗಬಹುದು

ಮೊದಲ ಅಡಚಣೆ ಸಮಯ. 2025ರ ದಸರಾ ರಜೆಯನ್ನು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಶಿಕ್ಷಕರು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿದ್ದರು. ಚುನಾವಣೆ ಬಂದರೆ ಅದಕ್ಕೂ ಅವರೇ. ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು ದಿನವೂ ಇದ್ದದ್ದೇ. ಇದರ ಮಧ್ಯೆ ವಾರಕ್ಕೆ ಎರಡು ಪೀರಿಯಡ್ ಸುಮ್ನೆ ಸಿಗುವುದಿಲ್ಲ. ಯಾವುದೋ ವಿಷಯದಿಂದ ಕಿತ್ತುಕೊಳ್ಳಬೇಕು. ಸಾಮಾನ್ಯವಾಗಿ ಹೋಗುವುದು ಆಟದ ಪೀರಿಯಡ್ ಅಥವಾ ಚಿತ್ರಕಲೆಯದು. ಹಾಗಾದರೆ ಅದು ದೊಡ್ಡ ತಪ್ಪು. ಸೋಲನ್ನು ಒಪ್ಪಿಕೊಳ್ಳುವುದು, ಔಟಾದಾಗ ತಾನಾಗಿ ಬ್ಯಾಟ್ ಕೊಡುವುದು ಕಲಿಯುವ ಜಾಗ ಆಟದ ಮೈದಾನವೇ.

ಎರಡನೆಯದು ಅಂಕ. ಅಂಕ ಇಟ್ಟರೆ ಗೈಡ್ ಬರುತ್ತದೆ. ‘ಪ್ರಾಮಾಣಿಕತೆ ಎಂದರೇನು? ಎರಡು ಅಂಕ’ ಎಂಬ ಪ್ರಶ್ನೆಗೆ ಮಕ್ಕಳು ಬಾಯಿಪಾಠ ಮಾಡಿದ ಉತ್ತರ ಬರೆಯುತ್ತಾರೆ. ಕೇಳುವವರಿಗೆ ಇಷ್ಟವಾಗುವ ಉತ್ತರ ಹೇಳುವ ಜಾಣತನ ಬೆಳೆಯುತ್ತದೆ. ಅಂಕ ಇಡದಿದ್ದರೆ ಬೇರೆ ಅಪಾಯ. ಅಂಕವಿಲ್ಲದ ವಿಷಯಕ್ಕೆ ನಮ್ಮ ಶಾಲೆಗಳಲ್ಲಿ ಬೆಲೆ ಕಡಿಮೆ, ಪೋಷಕರೂ ಕೇಳುವುದಿಲ್ಲ. ಎರಡರಲ್ಲಿ ಅಂಕ ಇಡದಿರುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ. ಉಪಯೋಗವಾಗದ ಪೀರಿಯಡ್‌ನಿಂದ ಆಗುವ ನಷ್ಟಕ್ಕಿಂತ, ಸುಳ್ಳು ಉತ್ತರವನ್ನು ರೂಢಿ ಮಾಡಿಸುವ ಪೀರಿಯಡ್‌ನಿಂದ ಆಗುವ ನಷ್ಟ ಜಾಸ್ತಿ.

ಸುತ್ತೋಲೆ ಶಾಲೆಗೆ ಬಂದಾಗ ಪೋಷಕರು, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸದಸ್ಯರು ವೇಳಾಪಟ್ಟಿಯನ್ನು ಒಮ್ಮೆ ಕೇಳಿ ನೋಡಬೇಕು. ಆ ಎರಡು ಪೀರಿಯಡ್ ಯಾವುದರ ಜಾಗದಲ್ಲಿ ಬಂದಿದೆ, ಎದುರಿಗೆ ಯಾವ ಶಿಕ್ಷಕರ ಹೆಸರಿದೆ, ಅವರಿಗೆ ಎಷ್ಟು ದಿನದ ತರಬೇತಿ ಸಿಕ್ಕಿದೆ ಎಂದು ವಿಚಾರಿಸಬೇಕು. ಮತ್ತೆ ಜನವರಿಯಲ್ಲಿ ಇನ್ನೊಮ್ಮೆ ಹೋಗಿ ನೋಡಬೇಕು. ಹತ್ತನೇ ತರಗತಿಗೆ ಸ್ಪೆಷಲ್ ಕ್ಲಾಸ್ ಶುರುವಾಗುವ ಆ ಹೊತ್ತಿನಲ್ಲಿ ಎಷ್ಟು ಶಾಲೆಗಳಲ್ಲಿ ಈ ಪೀರಿಯಡ್ ಗಣಿತಕ್ಕೋ ವಿಜ್ಞಾನಕ್ಕೋ ಹೋಗದೆ ಉಳಿದಿರುತ್ತದೆ ಎಂಬುದರಿಂದ ಈ ಘೋಷಣೆಯ ತೂಕ ಗೊತ್ತಾಗುತ್ತದೆ.